ಕಿವಿ ಮಶಿನ್‌ಗೊಂದು ಹೆಡ್‌ಲೈನ್

ಮಾರ್ಚ್ 3, ಸೋಮವಾರ

ಇವತ್ತೂ ಹೆಡ್‌ಲೈನ್ ಪಾಸಾಗಲಿಲ್ಲ. ‘ಶಬ್ದಲೋಕಕ್ಕೆ ಮರಳಿ ಸುಸ್ವಾಗತ’ ಅಂತ ಬರೆದಿದ್ದೆ. ಬಾಸ್ — ಬೆನ್ನ ಹಿಂದೆ ಎಲ್ಲರೂ ಕತ್ತರಿ ಅನ್ನುತ್ತೇವೆ — ಅಡ್ಡಕ್ಕೆ ಒಂದೇ ಗೀಟು ಎಳೆದರು. “ಇದನ್ನ ಯಾರಾದ್ರೂ ಬಾಯಲ್ಲಿ ಆಡ್ತಾರೇನ್ರೀ?” ಆಡಲ್ಲ. ಕಿವಿ ಮಶಿನ್ ಕಂಪನಿಯ ಜಾಹೀರಾತು, ಹದಿನಾರರ ಭಾನುವಾರ ಪೇಪರ್‌ನಲ್ಲಿ ಬರಬೇಕು. ನನ್ನ ಕೆಲಸ ಖಾಯಂ ಆಗುವುದು ಇದರ ಮೇಲೆಯೇ ನಿಂತಿದೆ. ಹೋದ ವಾರ ಹಲ್ಲಿನ ಕ್ಲಿನಿಕ್‌ಗೆ ‘ನಮ್ಮಲ್ಲಿಗೆ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ’ ಅಂತ ಬರೆದುಕೊಟ್ಟು ಇಡೀ ಆಫೀಸಿಗೆ ನಗೆಪಾಟಲಾಗಿದ್ದೆ. ಒಂದೇ ಸಲಕ್ಕೆ ವಾಸಿಯಾಗುತ್ತದೆ ಅಂತ ನನ್ನ ಅರ್ಥ…

ಮನೆಗೆ ಬಂದರೆ ಅತ್ತೆಯ ಮೌನ. ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ಪೊಲೀಸರನ್ನೂ ಮೀರಿಸಿ ಕೇಳುತ್ತಿದ್ದವರು. ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ಪ್ರಶ್ನೆಯೂ ಇಲ್ಲ. ಗಂಡನಿಗೆ ಹೇಳಿದರೆ “ಅಮ್ಮಂದು ಇದ್ದಿದ್ದೇ, ಬಿಡು.” ಬಿಡಲಿಕ್ಕೆ ಅವರಿಗೇನು. ಎದುರು ಕೂತು ಊಟ ಮಾಡುವವಳು ನಾನು. ಸೊಸೆ ಹೊರಗೆ ದುಡಿಯುವುದು ಇಷ್ಟವಿಲ್ಲ, ಅಷ್ಟೇ.

ಮಾರ್ಚ್ 5, ಬುಧವಾರ

ಒಂದು ರಾಶಿ ಬರೆದುಕೊಂಡು ಹೋದೆ. ‘ನಿಶ್ಶಬ್ದಕ್ಕೆ ವಿದಾಯ.’ ‘ಕಿವಿಗೆ ಹೊಸ ಜೀವ.’ ಎಲ್ಲದಕ್ಕೂ ಗೀಟು.

“ನಿಘಂಟು ಮುಚ್ಚಿಡಿ. ಕಿವಿ ಕ್ಲಿನಿಕ್‌ಗೆ ಹೋಗಿ ಕೂತ್ಕೊಳ್ಳಿ. ನೀವು ಬಾಯಿ ಬಿಡ್ಬೇಡಿ, ಅಲ್ಲಿಗೆ ಬಂದವರು ಮಾತಾಡ್ಲಿ.”

ಬಾಯಿ ಬಿಡದೆ ಕೂರುವುದು — ನಾನು!

ಮಾರ್ಚ್ 6, ಗುರುವಾರ

ಕ್ಲಿನಿಕ್‌ನ ಬೆಂಚು. ಯಾರೂ ತಾವಾಗಿ ಬಂದಿಲ್ಲ, ಮಕ್ಕಳು ಎಳೆದುಕೊಂಡು ಬಂದಿದ್ದಾರೆ. ರಿಟೈರಾದ ಬಸ್ ಡ್ರೈವರ್ ಒಬ್ಬರು ಮಾತಿಗೆ ಸಿಕ್ಕರು. “ಯಾರೇನಂದ್ರೂ ತಲೆ ಆಡಿಸ್ಬಿಡ್ತೀನಮ್ಮ. ಹಾಗೇ ಆಡಿಸಿ ಆಡಿಸಿ ಮೊಮ್ಮಗಂಗೆ ಸೈಕಲ್ ಕೊಡ್ಸೋಕೆ ಒಪ್ಕೊಂಡ್ಬಿಟ್ಟಿದ್ದೆ.” ನಕ್ಕೆ. ಬಸ್ ಹತ್ತಿದ ಮೇಲೆ ನಗು ನಿಂತಿತು. ಅತ್ತೆಯೂ ಈಗೀಗ ಎಲ್ಲದಕ್ಕೂ ತಲೆಯಾಡಿಸುತ್ತಾರೆ…

ಸಂಜೆ

ಅತ್ತೆ ಬಟ್ಟೆ ಮಡಿಸುತ್ತಿದ್ದರು. ಹಿಂದೆ ನಿಂತು ಕರೆದೆ. ಮತ್ತೆ ಕರೆದೆ. ತಿರುಗಲಿಲ್ಲ. ಎದುರಿಗೆ ಹೋಗಿ ಕೂತು ಕೇಳಿದೆ — ನನ್ನ ಮೇಲೆ ಸಿಟ್ಟಾ ಅತ್ತೆ? ನನ್ನ ತುಟಿಯನ್ನೇ ನೋಡಿದರು.

“ಸಿಟ್ಟು ಯಾಕೆ? ಕೇಳಿಸಲ್ಲ ಅಂತ ಕೇಳೋದನ್ನೇ ಬಿಟ್ಟೆ.”

ಅದೇ ಗಳಿಗೆಯಲ್ಲಿ ಕೈ ಪೆನ್ ಹುಡುಕಿತು. ಛೀ, ಎಂಥ ಜನ್ಮ ನನ್ನದು. ಆದರೂ ಬರೆದುಕೊಂಡೆ.

ಮಾರ್ಚ್ 12, ಬುಧವಾರ

ಕತ್ತರಿ ಆ ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು. ಪೆನ್ನಿಗೆ ಕ್ಯಾಪ್ ಹಾಕಿದರು. “ಎಲ್ಲಿ ಸಿಕ್ತು ಇದು?” ಕ್ಲಿನಿಕ್‌ನಲ್ಲಿ ಅಂದೆ. ಕಂಪನಿಯವರೂ ಒಪ್ಪಿದರು. ಕೆಲಸ ಖಾಯಂ ಆದ ಹಾಗೆಯೇ. ಮನೆಯಲ್ಲಿ ಸುದ್ದಿ ಹೇಳಿದೆ. ಸಾಲು ಯಾವುದು ಅಂತ ಮಾತ್ರ ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ತಡೆಯಲಾಗಲಿಲ್ಲ. ಅತ್ತೆ ಭಾನುವಾರದ ಪೇಪರನ್ನು ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವವರು. ಅವರ ಒಪ್ಪಿಗೆ ಕೇಳಲೇಬೇಕು. ಗುಟ್ಟಿನ ಮಾತು, ಆದರೆ ಕೂಗಿಯೇ ಹೇಳಬೇಕು! ಟೆರೇಸಿಗೆ ಕರೆದುಕೊಂಡು ಹೋಗಿ ಕೂಗಿದೆ. ಕೆಳಗಿನ ಮನೆಯ ಟೈಲರ್‌ನ ಹೊಲಿಗೆ ಮಶಿನ್ ತಟ್ಟನೆ ನಿಂತಿತು.

“ಮೆಲ್ಲಗೆ ಕಣೇ! ಊರಿಗೆಲ್ಲ ಕೇಳ್ಸುತ್ತೆ.”

“ಹೆಸರು ಹಾಕಲ್ಲ ಅತ್ತೆ. ನಿಮ್ಮ ಮಾತು ಅಂತ ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಿರುತ್ತಲ್ಲ. ಬೇಡ. ಅದು ನಿನ್ ಹತ್ರ ಹೇಳಿದ್ದು, ಪೇಪರ್‌ಗಲ್ಲ.”

ಪುಸಲಾಯಿಸಬಹುದಿತ್ತು. ಬೇಡ ಅಂದವರ ಬಾಯಲ್ಲಿ ಹೂಂ ಅನ್ನಿಸುವುದೇ ನಾನು ಕಲಿಯುತ್ತಿರುವ ವಿದ್ಯೆ. ಮನಸ್ಸು ಬರಲಿಲ್ಲ.

ಕತ್ತರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. “ಸರಿ, ತೆಗೆಯೋಣ. ನಾಳೆ ಹನ್ನೊಂದಕ್ಕೆ ಪ್ರೆಸ್‌ಗೆ ಹೋಗ್ಬೇಕು. ಅಷ್ಟರೊಳಗೆ ಇದರ ಸಮಕ್ಕೆ ಇನ್ನೊಂದು ತನ್ನಿ. ಇಲ್ಲಾಂದ್ರೆ ಬೇರೆಯವರ ಕೈಲಿ ಬರೆಸ್ತೀನಿ. ಆಮೇಲೆ ನಿಮ್ಮ ಖಾಯಂ ವಿಷ್ಯ ನನ್ನ ಕೈಲಿಲ್ಲ.”

ಮಾರ್ಚ್ 15, ಶನಿವಾರ, ಬೆಳಿಗ್ಗೆ 8

ಎದ್ದಾಗಿನಿಂದ ಬರೆಯುತ್ತಿದ್ದೇನೆ. ಒಂದೂ ಸರಿಹೋಗುತ್ತಿಲ್ಲ. ಅತ್ತೆ ಟೀ ತಂದಿಟ್ಟು ಎದುರಿಗೇ ಕೂತರು. ನಾನು ಹೊಡೆದುಹಾಕಿದ ಸಾಲುಗಳನ್ನೆಲ್ಲ ಓದಿದರು. ಆಮೇಲೆ ನನ್ನ ಮುಖ ನೋಡಿದರು.

“ಇದು ಆಗ್ಲಿಲ್ಲ ಅಂದ್ರೆ ನಿನ್ ಕೆಲಸ ಹೋಗುತ್ತಾ?”

ಎಷ್ಟು ತಿಂಗಳಾಗಿತ್ತು ಇವರು ನನ್ನನ್ನು ಏನಾದರೂ ಕೇಳಿ! ಹೋದರೂ ಹೋಗಬಹುದು ಅಂದೆ, ತಲೆ ಎತ್ತದೆ.

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಕೇಳಿಸ್ಲಿಲ್ಲ. ಏನಂದೆ?”

ಪೆನ್ ಕೆಳಗಿಡಬೇಕು. ಇವರ ಕಡೆ ತಿರುಗಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಹೆಡ್‌ಲೈನ್ ಆಮೇಲೆ.