ಲಕ್ಷದ ಮೇಲೆ ಮೂರು ಬತ್ತಿ

ಬಸವನಗುಡಿ, ಬೆಂಗಳೂರು
5-11-1996

ಪ್ರೀತಿಯ ತಂಗಿ ರುದ್ರಾಣಿಗೆ ಅಕ್ಕನ ಆಶೀರ್ವಾದ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಫೋನ್ ಮಾಡಿದರೆ ನನ್ನ ದನಿ ಕೇಳಿ ಇಟ್ಟುಬಿಡುತ್ತೀಯ, ಇನ್ನೇನು ಮಾಡಲಿ. ಮಂಡಿನೋವು ಹೇಗಿದೆ? ಮೈಸೂರಿನ ಚಳಿಗೆ ಕಾಲುಚೀಲ ಹಾಕಿಕೋ. ಮಗಳ ಮನೆ ಅಂತ ಮೊಸರು ಜಾಸ್ತಿ ತಿನ್ನಬೇಡ, ಕೆಮ್ಮು ಶುರುವಾದರೆ ಕಷಾಯ ಕಾಯಿಸಿಕೊಡಲು ನಾನಲ್ಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಹರಕೆ ಹೊತ್ತು ಹೊಸೆದ ಲಕ್ಷಬತ್ತಿಯನ್ನು ಇಲ್ಲಿನ ಮಲ್ಲಿಕಾರ್ಜುನನ ಗುಡಿಯಲ್ಲೇ ಹಚ್ಚೋಣ ಅಂದೆ ನಾನು. ಮೈಸೂರಿನಲ್ಲಿ ಅಂದೆ ನೀನು. "ನನ್ನರ್ಧ ನನಗೆ ಕೊಟ್ಬಿಡು, ನಿನ್ ಸಹವಾಸ ಸಾಕು" ಅಂತ ನೀನು ಬ್ಯಾಗು ಹಿಡಿದು ಹೊರಟೇಬಿಟ್ಟೆ. ಸರಿ, ಕಳಿಸೋಣ ಎಂದು ನಾನೂ ಹಟಕ್ಕೆ ಬಿದ್ದು, ನೂರು ನೂರರ ಕಟ್ಟುಗಳನ್ನೆಲ್ಲ ನಡುಮನೆಯಲ್ಲಿ ಹರಡಿ ಎಣಿಸಿದೆ. ಒಂದು ಲಕ್ಷದ ಮೂರು. ಅರ್ಧ ಮಾಡಿದರೆ ಒಂದು ಉಳಿಯಿತು. ಗುಡಿಗೂ ಒಂದು ಪಾಲಿರಲಿ ಎಂದು ಮೂರು ಮಾಡಿದೆ, ಆಗಲೂ ಒಂದು. ಏಳು ತಟ್ಟೆಗೆ ಹಂಚಿಡೋಣ ಅಂದುಕೊಂಡರೂ ಒಂದು. ಹನ್ನೊಂದಕ್ಕೆ ಎರಡು. ಹರಕೆಯ ಬತ್ತಿ ಪಾಲಾದರೆ ಸಮನಾಗಿ ಪಾಲಾಗಬೇಕು, ನಿನಗೂ ಗೊತ್ತು.

ಕಾಲೇಜಿನಲ್ಲಿ ಗಣಿತ ಓದುವ ನನ್ನ ಮೊಮ್ಮಗಳು ತನ್ಮಯಿ ಈ ಅವಸ್ಥೆ ನೋಡಿ ನಕ್ಕಳು. ಕ್ಯಾಲ್ಕುಲೇಟರ್ ಹಿಡಿದು ಕೂತು, ಕಾಫಿ ಆರಿ ತಣ್ಣಗಾಗುವವರೆಗೆ ಭಾಗಿಸಿದಳು. "ಅಜ್ಜಿ, ಇದು ಅವಿಭಾಜ್ಯ ಸಂಖ್ಯೆ. ಎಷ್ಟ್ ತಟ್ಟೆ ತಂದ್ರೂ ಸಮ ಬರಲ್ಲ. ಆರಂಕಿಯವುಗಳಲ್ಲಿ ಇಂಥದ್ದು ಇದೇ ಮೊದಲ್ನೇದು" ಅಂದಳು. ಮುನ್ನೂರ ಹದಿನಾರರವರೆಗೆ ನೋಡಿದರೆ ಸಾಕಂತೆ. ಅದ್ಯಾಕೆ ಸೋಮಾರಿ, ಪೂರ್ತಿ ನೋಡು ಅಂತ ಗದರಿದೆ. ಅದಕ್ಕಿಂತ ಹೆಚ್ಚು ತಟ್ಟೆಗೆ ಸಮ ಬಂದರೆ ಒಂದೊಂದು ತಟ್ಟೆಯಲ್ಲೂ ಅದಕ್ಕಿಂತ ಕಡಿಮೆ ಬತ್ತಿ ಇರಬೇಕಂತೆ. ಹಾಗಿದ್ದರೆ ಆ ಕಡಿಮೆಯ ಲೆಕ್ಕ ಮೊದಲೇ ಕೈಗೆ ಸಿಕ್ಕಿರುತ್ತಿತ್ತಂತೆ. ನನ್ನ ತಲೆಗೂ ಹೋಯಿತು ನೋಡು.

"ಮೂರು ತೆಗೆದ್ಬಿಡಜ್ಜಿ, ಲಕ್ಷ ಸಲೀಸಾಗಿ ಅರ್ಧ ಆಗತ್ತೆ" ಅಂತಲೂ ಅಂದಳು. ಬೈದು ಎಬ್ಬಿಸಿದೆ. ದೇವರ ಹೆಸರಲ್ಲಿ ಹೊಸೆದ ಬತ್ತಿಯನ್ನು ಯಾರಾದರೂ ಎಸೆಯುತ್ತಾರಾ? ಈ ರಾಶಿಯನ್ನು ಒಟ್ಟಿಗೆ ಹಚ್ಚಬೇಕು, ಇಲ್ಲವೇ ಒಂದೊಂದಾಗಿ. ಒಂದೊಂದಾಗಿ ಹಚ್ಚುವಷ್ಟು ಆಯಸ್ಸು ನನಗೂ ಇಲ್ಲ, ನಿನಗೂ ಇಲ್ಲ.

ಅಳಿಯಂದಿರನ್ನು ಕೇಳಿದೆ ಅಂತ ಹೇಳು. ಮಕ್ಕಳಿಗೆ ಆಶೀರ್ವಾದ.

ನಿನ್ನ ಅಕ್ಕ,
ವಿಶಾಲಾಕ್ಷಿ

ವಿ.ಸೂ.: ನಿನ್ನ ಎಣಿಕೆ ನಂಬದೆ ನಾನು ಸುಮ್ಮನೆ ಎರಡು ಹೆಚ್ಚು ಹೊಸೆದು ಸೇರಿಸಿದ್ದೆ. ಮೂರನೆಯದು ನನ್ನದಲ್ಲ. ಅಂದಮೇಲೆ ನೀನೂ ನನ್ನ ಎಣಿಕೆ ನಂಬಿರಲಿಲ್ಲ. ಎಲ್ಲಿ ಹಚ್ಚುವುದು ಅಂತ ನೀನೇ ಹೇಳು. ಮೈಸೂರಾದರೆ ಮೈಸೂರು, ಪೂರ್ತಿ ಮೂಟೆ ಹೊತ್ತು ಬಸ್ಸು ಹತ್ತುತ್ತೇನೆ. ಕಾರ್ತಿಕ ಹುಣ್ಣಿಮೆ ಹತ್ತಿರ ಬಂತು. ಹದಿನೈದನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.