ಆರನೇ ಕೊಳವೆಯ ಎಣಿಕೆ

ಗುರುವಾರ, ಮಧ್ಯಾಹ್ನ ಮೂರು ಗಂಟೆ
ಪ್ರಯೋಗಾಲಯ, ಎರಡನೇ ಮಹಡಿ

ನನ್ನ ಜಾಣ ಮರಿಗೆ ಅಮ್ಮನ ಮುತ್ತುಗಳು.

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಮಹಾಪ್ರಬಂಧ ಒಪ್ಪಿಸಲು ಹತ್ತೊಂಬತ್ತೇ ದಿನ ಉಳಿದಿರುವವರು ಯಾರೂ ಚೆನ್ನಾಗಿರುವುದಿಲ್ಲ. ಫೋನು ಮಾಡದೆ ಪತ್ರ ಬರೆದಿದ್ದಾಳೆಂದು ಈಗಲೇ ಗಾಬರಿಯಾಗಬೇಡ. ಗಾಬರಿಯಾಗುವ ವಿಷಯ ಮುಂದೆ ಬರುತ್ತದೆ, ಅಲ್ಲಿ ಆಗು. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ನಿಮ್ಮಪ್ಪ ಪಕ್ಕದಲ್ಲಿ ನಿಂತು ಏನಂತೆ ಏನಂತೆ ಎನ್ನುತ್ತಿರುತ್ತಾರೆ. ಆ ಗಲಾಟೆಯಲ್ಲಿ ಹೇಳಬೇಕಾದದ್ದೇ ಉಳಿದುಹೋಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮೂರನೇ ಅಧ್ಯಾಯ ನಿಲ್ಲುವುದಿಲ್ಲ. ಕಾರಣ ನಾನು. ಇನ್ನು ಕೊನೆಯವರೆಗೂ ಓದು.

ನಮ್ಮ ವಿಶ್ವವಿದ್ಯಾಲಯ ಹೊಸ ಶ್ರೇಣಿ ಪಟ್ಟಿ ಮಾಡಿದ್ದು ನಿನಗೆ ಗೊತ್ತು. ಇಷ್ಟು ವರ್ಷ ಡಾಕ್ಟರೇಟ್ ಇದ್ದವರು ಸಂಶೋಧಕರು, ಇಲ್ಲದವರೆಲ್ಲ ಸಹಾಯಕ ಸಿಬ್ಬಂದಿ. ನಾನೂ, ಬಾಗಿಲ ಕೀಲಿ ಕಾಯುವವರೂ ಒಂದೇ ಪಟ್ಟಿಯಲ್ಲಿದ್ದೆವು. ಈಗ ಸಂಶೋಧಕರಿಗೆ ನಾಲ್ಕು ಮೆಟ್ಟಿಲು ಮಾಡಿದ್ದಾರೆ. ಡಾಕ್ಟರೇಟ್ ಇಲ್ಲದವರೂ ನೇರವಾಗಿ ಎರಡನೆಯದಕ್ಕೆ ಹತ್ತಬಹುದು, ಆದರೆ ಸ್ವಂತ ತಲೆ ಓಡಿಸಿ ಕೆಲಸ ಮಾಡಿದ್ದೇವೆಂದು ತೋರಿಸಬೇಕು. ತೋರಿಸಲಾಗದವರು ಸಹಾಯಕರಾಗಿಯೇ ಉಳಿದು, ತಮ್ಮ ಯೋಜನೆ ಮುಗಿದ ದಿನ ಚೀಲ ಹೆಗಲಿಗೇರಿಸಿ ಮನೆಗೆ ಹೋಗಬೇಕು. ನಮ್ಮ ಕೆರೆಯ ಯೋಜನೆ ಮಾರ್ಚಿಗೆ ಮುಗಿಯುತ್ತದೆ. ನನಗೆ ಐವತ್ತೆರಡು ವರ್ಷ. ಹೊರಗೆ ಯಾರಿಗೆ ಬೇಕು ಪರಾಗ ಎಣಿಸುವವಳು?

ಅರ್ಜಿಯ ಎಂಟನೇ ಪ್ರಶ್ನೆ ಹೀಗಿತ್ತು: ಯಾರ ಸೂಚನೆಯೂ ಇಲ್ಲದೆ ನೀವೇ ತೆಗೆದುಕೊಂಡ ಒಂದು ವೈಜ್ಞಾನಿಕ ನಿರ್ಧಾರವನ್ನು ಸಾಕ್ಷ್ಯ ಸಮೇತ ವಿವರಿಸಿ. ಮೂರು ದಿನ ಅದರ ಮುಂದೆ ತಲೆ ಮೇಲೆ ಕೈ ಹೊತ್ತು ಕೂತೆ. ಇಪ್ಪತ್ತನಾಲ್ಕು ವರ್ಷದಿಂದ ಕೆರೆಯ ತಳದ ಕೆಸರನ್ನು ತೊಳೆದು, ಅದರಲ್ಲಿ ಉಳಿದ ಹಳೇ ಕಾಲದ ಪರಾಗದ ಕಣಗಳನ್ನು ಸ್ಲೈಡಿನ ಮೇಲೆ ಕೂರಿಸಿ, ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಎಣಿಸಿದ್ದೇನೆ. ಇದು ಯಾವ ಗಿಡದ ಕಣ ಎಂದು ನಿರ್ಧರಿಸಿದ್ದು ನಾನೇ, ದಿನಕ್ಕೆ ಐನೂರು ಸಲ. ಆದರೆ ಅದಕ್ಕೆ ನಿರ್ಧಾರ ಎಂದು ಯಾರೂ ಹೆಸರಿಟ್ಟಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಎಣಿಕೆ ಅಕ್ಕ ಎನ್ನುತ್ತಾರೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ಅದೇ ನನ್ನ ಹೆಸರೆಂದು ತಿಳಿದು ಲಕೋಟೆಯ ಮೇಲೂ ಬರೆದಿದ್ದಳು. ಲೇಖನಗಳ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ನಾನಿರುತ್ತೇನೆ, ದೋಣಿ ಕೊಟ್ಟವರ ಪಕ್ಕದಲ್ಲಿ.

ಸಾಕ್ಷ್ಯ ಸಮೇತ ಸಿಕ್ಕಿದ್ದು ಒಂದೇ ಒಂದು. ಹನ್ನೊಂದು ವರ್ಷದ ಹಿಂದೆ ನಮ್ಮ ಪ್ರೊಫೆಸರ್ ಮೇಡಂ ನಾಲ್ಕು ತಿಂಗಳು ಹೊರದೇಶಕ್ಕೆ ಹೋಗಿದ್ದರು. ಕೆರೆಯಲ್ಲಿ ಇಳಿಸಿದ ಆರು ಕೊಳವೆಗಳಲ್ಲಿ ಐದರ ಕೆಸರು ಮುಗಿದಿತ್ತು. ಆರನೆಯದಕ್ಕೆ ಕೈ ಹಾಕುವಾಗ ಕಣಗಳನ್ನು ಕೂರಿಸುವ ಸಿಲಿಕೋನ್ ಎಣ್ಣೆ ಖಾಲಿ. ಎಷ್ಟು ಕಾದರೂ ಹೊಸದು ಬರಲಿಲ್ಲ. ಕೊನೆಗೆ ಯಾರನ್ನೂ ಕೇಳದೆ ಗ್ಲಿಸರಿನ್ ಜೆಲ್ಲಿ ಬಳಸಿದೆ. ಜೆಲ್ಲಿಯಲ್ಲಿ ಕಣ ನಿಧಾನವಾಗಿ ಉಬ್ಬುತ್ತದೆ ಎಂದು ಗೊತ್ತಿತ್ತು. ಮೊದಲ ವಾರದಲ್ಲೇ ಅಳೆದರೆ ತೊಂದರೆಯಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಮೈಕ್ರೋಸ್ಕೋಪ್ ಕೆಟ್ಟು ರಿಪೇರಿಗೆ ಹೋಗಿ, ವಾಪಸ್ಸು ಬರಲು ಮೂರು ತಿಂಗಳು ಹಿಡಿಯಿತು. ಬಂದ ದಿನ ಬಾಕಿ ಕೆಲಸದ ರಾಶಿ ನೋಡಿ ಗಡಿಬಿಡಿಯಲ್ಲಿ ಅಳೆಯಲು ಕೂತೆ. ಜೆಲ್ಲಿಯ ಮಾತು ತಲೆಯಿಂದಲೇ ಹೋಗಿತ್ತು. ಜೆಲ್ಲಿ ಬಳಸಿದ್ದು ಕೆಲಸದ ಪುಸ್ತಕದಲ್ಲಿ ಮಾತ್ರ ದಿನಾಂಕ, ಸಹಿ ಸಮೇತ ಉಳಿದಿದೆ.

ಹುಲ್ಲಿನ ಪರಾಗವೂ ಬೆಳೆಯ ಪರಾಗವೂ ನೋಡಲು ಒಂದೇ ಥರ, ಗಾತ್ರವೇ ಗುರುತು ಎಂದು ನಿನಗೆ ಹೇಳಿಕೊಡಬೇಕಿಲ್ಲ. ಎಣ್ಣೆಯಲ್ಲಿ ಅಳೆದಾಗ ನಲವತ್ತು ಮೈಕ್ರಾನ್ ದಾಟಿದರೆ ಬೆಳೆ, ದಾಟದಿದ್ದರೆ ಕಾಡುಹುಲ್ಲು. ಆರನೇ ಕೊಳವೆಯ ತಳದಲ್ಲಿ, ಎಲ್ಲಕ್ಕಿಂತ ಹಳೆಯ ಕೆಸರಿನಲ್ಲಿ, ನನಗೆ ನಲವತ್ತೆರಡು, ನಲವತ್ತಮೂರು ಸಿಕ್ಕವು. ಮೇಡಂ ಬಂದು ಅಂಕಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಆ ದಡದಲ್ಲಿ ಎಲ್ಲರೂ ತಿಳಿದಿದ್ದಕ್ಕಿಂತ ಎಂಟುನೂರು ವರ್ಷ ಮೊದಲೇ ಬೇಸಾಯ ಶುರುವಾಗಿತ್ತು ಎಂದು ಲೇಖನ ಬಂತು. ಅದರಿಂದ ಅವರು ವಿಭಾಗದ ಮುಖ್ಯಸ್ಥರಾದರು. ನಿನ್ನ ಮೂರನೇ ಅಧ್ಯಾಯ ಹುಟ್ಟಿದ್ದೂ ಅದರಿಂದಲೇ.

ಹೋದ ತಿಂಗಳು ಅರ್ಜಿಗೆ ಸಾಕ್ಷ್ಯ ಬೇಕೆಂದು ಆ ಹಳೆಯ ಸ್ಲೈಡು ತೆಗೆದೆ. ಪುಸ್ತಕದಲ್ಲಿ ನಲವತ್ತೆರಡು ಎಂದಿದ್ದ ಕಣ ಈಗ ನಲವತ್ತೇಳು. ಸೀಸೆಯಲ್ಲಿ ಸ್ವಲ್ಪ ಕೆಸರು ಉಳಿದಿತ್ತು. ಅದನ್ನು ಎಣ್ಣೆಯಲ್ಲಿ ಹೊಸದಾಗಿ ಕೂರಿಸಿ, ಬಾಗಿಲು ಹಾಕಿಕೊಂಡು ಅಳೆದೆ. ಮೂವತ್ತನಾಲ್ಕು. ಮೂವತ್ತೈದು. ಮತ್ತೆ ಮೂವತ್ತನಾಲ್ಕು. ಅರವತ್ತು ಕಣ ಅಳೆದರೂ ಒಂದೂ ನಲವತ್ತು ಮುಟ್ಟಲಿಲ್ಲ. ಅದು ಹುಲ್ಲು ಮಗಳೇ. ಬರೀ ಹುಲ್ಲು.

ಎಂಟನೇ ಪ್ರಶ್ನೆಯ ಕೆಳಗೆ ಎರಡನ್ನೂ ಬರೆದೆ, ಮಾಡಿದ ತಪ್ಪನ್ನೂ ಅದನ್ನು ಹಿಡಿದದ್ದನ್ನೂ. ಸಂದರ್ಶನಕ್ಕೆ ಮೊದಲು ಅರ್ಜಿಗೆ ಮೇಡಂ ಸಹಿ ಬೇಕಿತ್ತು. ನಿನ್ನೆ ಸಂಜೆ ನಾಲ್ಕಕ್ಕೆ ಕರೆಸಿದರು. ಹಾಳೆ ಮೇಜಿನ ಮೇಲಿತ್ತು, ಕನ್ನಡಕ ಅದರ ಮೇಲೆ. ಕೂಗಾಡಿದ್ದರೆ ನನಗೆ ಸುಲಭವಿತ್ತು. ಅವರು ಕೂತ್ಕೊಳ್ಳಿ ಎಂದರು, ನೀರು ಕೊಟ್ಟರು. ಆಮೇಲೆ ಮೆಲ್ಲಗೆ, ಈ ಪುಟ ತೆಗೆದು ಬೇರೆ ಏನಾದ್ರೂ ಬರೀರಿ ಅಂದರು. ನೀವು ಸಹಾಯಕಿಯಾಗೇ ಇದ್ರೆ ಈ ತಪ್ಪು ನಿಮ್ಮ ತಲೆಗೆ ಬರಲ್ಲ, ನನ್ನದಾಗುತ್ತೆ. ಅದನ್ನ ಯಾವಾಗ ಹೇಳ್ಬೇಕು, ಹೇಗೆ ಹೇಳ್ಬೇಕು ಅಂತ ನಾನು ನೋಡ್ಕೋತೀನಿ ಅಂದರು. ಮಾರ್ಚ್ ಆದ ಮೇಲೆ ಇನ್ನೊಂದು ಯೋಜನೆಯಲ್ಲಿ ನಿಮಗೆ ಜಾಗ ಮಾಡ್ತೀನಿ ಅಂದರು. ನಾನು ಏಳುವಾಗ ಕೊನೆಯ ಮಾತು: ನಿಮ್ಮ ಮಗಳದ್ದಾದ್ರೂ ಮುಗೀಲಿ ಅಲ್ವಾ, ಅಷ್ಟು ಅವಸರ ಏನಿದೆ?

ನಿನ್ನ ಮಾತು ಎತ್ತಿದಾಗ ಹೂಂ ಎಂದುಬಿಡುವುದರಲ್ಲಿದ್ದೆ. ಹಾಳೆ ತೆಗೆದುಕೊಂಡು ನನ್ನ ಜಾಗಕ್ಕೆ ಬಂದು ಬೇರೆ ಉತ್ತರವನ್ನೂ ಬರೆದೆ: ವಿದ್ಯಾರ್ಥಿಗಳಿಗೆ ತರಬೇತಿ, ಸಲಕರಣೆಗಳ ನಿರ್ವಹಣೆ, ಹೀಗೆ ಯಾರಿಗೂ ನೋವಾಗದ ನಾಲ್ಕು ಸಾಲು. ಓದಿ ನೋಡಿದರೆ ಮೈ ಉರಿಯಿತು. ಇಪ್ಪತ್ತನಾಲ್ಕು ವರ್ಷ ಸರಿಯಾಗಿ ಎಣಿಸಿದ್ದೆಲ್ಲ ಅವರದಾಯಿತು, ತಪ್ಪು ಎಣಿಸಿದ್ದನ್ನೂ ಅವರಿಗೇ ಕೊಡಬೇಕೇ? ಅದೊಂದಾದರೂ ನನ್ನ ಹೆಸರಿನಲ್ಲಿರಲಿ. ಹೊಸದನ್ನು ಹರಿದು ಹಳೆಯದನ್ನೇ ಕೊಟ್ಟೆ. ಮೇಡಂ ನನ್ನ ಮುಖ ನೋಡದೆ ಸಹಿ ಹಾಕಿದರು. ಅವರನ್ನು ಕೆಟ್ಟವರೆನ್ನಬೇಡ. ಬೇಕೆಂದಿದ್ದರೆ ಸಹಿ ಹಾಕದೆ ತಡೆಯಬಹುದಿತ್ತು.

ಇವತ್ತು ಬೆಳಗ್ಗೆ ಹನ್ನೊಂದಕ್ಕೆ ಸಂದರ್ಶನ. ಉದ್ದನೆಯ ಮೇಜಿನ ಆಚೆ ಮೂವರು: ಬೇರೆ ವಿಭಾಗದ ಹಿರಿಯರೊಬ್ಬರು ಅಧ್ಯಕ್ಷರು, ಆಡಳಿತಾಧಿಕಾರಿ, ಮೇಡಂ. ಅಧಿಕಾರಿ ಮೊದಲೇ, ಇಷ್ಟು ವರ್ಷ ಇದ್ದೂ ಪಿಎಚ್‌ಡಿ ಯಾಕೆ ಮಾಡ್ಲಿಲ್ಲ ಎಂದು ಕೇಳಿದರು. ಬೇರೆಯವರ ಪಿಎಚ್‌ಡಿಗೆ ಎಣಿಸ್ತಿದ್ದೆ ಸಾರ್, ಹದಿನಾರು ಆಯ್ತು ಎಂದೆ. ಅಧ್ಯಕ್ಷರು ನಕ್ಕರು, ಅಧಿಕಾರಿ ಅದನ್ನೂ ಬರೆದುಕೊಂಡರು.

ಆಮೇಲೆ ಎಂಟನೇ ಪ್ರಶ್ನೆಗೆ ಬಂದರು. ಎರಡು ಸ್ಲೈಡಿನ ಚಿತ್ರಗಳನ್ನೂ ಮುಂದಿಟ್ಟೆ. ಅಧ್ಯಕ್ಷರು ತುಂಬ ಹೊತ್ತು ನೋಡಿದರು. ಮರು ಅಳತೆ ಮಾಡೋಕೆ ನಿಮಗೆ ಹೇಳಿದ್ದು ಯಾರು ಎಂದರು. ಯಾರೂ ಇಲ್ಲ ಎಂದೆ. ಇದರಿಂದ ಆ ಲೇಖನ ಹಿಂದಕ್ಕೆ ತಗೋಬೇಕಾಗುತ್ತೆ, ಗೊತ್ತಾ ಎಂದರು. ಗೊತ್ತು, ನನ್ನ ಮಗಳ ಪ್ರಬಂಧವೂ ಅದರ ಮೇಲೇ ನಿಂತಿದೆ ಎಂದೆ. ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಕೊನೆಗೆ ಅಧ್ಯಕ್ಷರು, ಇದು ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ ಎಂದು ಕೇಳಿದರು. ಹೋದ ತಿಂಗಳು ಎಂದೆ. ಅವರು ಫೈಲು ಮುಚ್ಚಿ, ಗೊತ್ತಾದ ಕೂಡ್ಲೇ ಬರೆದು ಕೊಟ್ಟಿದ್ದೀರಿ, ಡಾಕ್ಟರೇಟ್ ಇದ್ದವರಲ್ಲೂ ಇದನ್ನ ಮಾಡೋರು ಕಮ್ಮಿ ಎಂದರು. ಎರಡನೇ ಮೆಟ್ಟಿಲು ಕೊಡುತ್ತಾರಂತೆ. ಆದೇಶ ಸೋಮವಾರ.

ಇನ್ನು ನಿನ್ನ ವಿಷಯ. ಉಳಿದ ಐದು ಕೊಳವೆಗಳ ಕಣಗಳು ಎಣ್ಣೆಯಲ್ಲೇ ಕೂತಿವೆ, ಅವು ಸರಿಯಾಗಿವೆ. ಪ್ರತಿಯೊಂದರಲ್ಲೂ ಮತ್ತೆ ಇಪ್ಪತ್ತು ಕಣ ಅಳೆದು ನೋಡಿದ್ದೇನೆ. ಹೊಸ ಅಂಕಿಗಳ ಪಟ್ಟಿ ಜೊತೆಗಿದೆ. ನಿನ್ನ ಮಾರ್ಗದರ್ಶಕರಿಗೆ ಬೇರೆ ಯಾರಿಂದಲೋ ತಿಳಿಯುವ ಮೊದಲು ನೀನೇ ಹೇಳು. ಆರು ತಿಂಗಳು ತಡವಾಗಬಹುದು, ಒಂದು ವರ್ಷವೂ ಆಗಬಹುದು. ಬಯ್ಯಬೇಕೆನಿಸಿದರೆ ಬಯ್ಯಿ, ಆದರೆ ಊಟ ಬಿಡಬೇಡ. ನಿನ್ನ ಕೆಲಸ ಕೆಡಿಸಿದ್ದಕ್ಕೆ ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ನಿನ್ನ
ಅಮ್ಮ

ಮರೆತಿದ್ದಲ್ಲ, ಬರೆಯದೆ ಬಿಟ್ಟಿದ್ದು: ಲಕೋಟೆ ಅಂಟಿಸಿದವಳು ಮತ್ತೆ ಹರಿದು ತೆಗೆದಿದ್ದೇನೆ. ಹೋದ ತಿಂಗಳು ಗೊತ್ತಾಯಿತು ಎಂದದ್ದು ಸುಳ್ಳು. ನಾಲ್ಕು ವರ್ಷದ ಹಿಂದೆ ನೀನು ವಿಷಯ ಆರಿಸಿಕೊಂಡು ಫೋನು ಮಾಡಿ, ಅಮ್ಮಾ, ನಿನ್ನ ಎಣಿಕೆ ಮೇಲೆ ನನ್ನ ಪಿಎಚ್‌ಡಿ ಮಾಡ್ತೀನಿ ಎಂದೆಯಲ್ಲ, ಮಾರನೇ ದಿನವೇ ಖುಷಿಗೆ ಆ ಸ್ಲೈಡು ತೆಗೆದು ನೋಡಿದ್ದೆ. ಕಣ ನಲವತ್ತೈದಿತ್ತು. ಏನಾಗಿದೆ ಎಂದು ಆ ಕ್ಷಣವೇ ತಿಳಿಯಿತು. ಡಬ್ಬಿ ಮುಚ್ಚಿ ಒಳಗಿಟ್ಟೆ. ಅದುವರೆಗೆ ಯಾರೂ ಅದನ್ನು ನನ್ನ ಎಣಿಕೆ ಎಂದಿರಲಿಲ್ಲ. ಇನ್ನೊಂದೇ ದಿನ ಆ ಸುಖ ಇರಲಿ ಎಂದು ಸುಮ್ಮನಾದೆ, ದಿನ ನಾಲ್ಕು ವರ್ಷವಾಯಿತು. ಆದೇಶಕ್ಕೆ ಅವರಿನ್ನೂ ಸಹಿ ಹಾಕಿಲ್ಲ. ನಾಳೆ ಹತ್ತು ಗಂಟೆಗೆ ಅಧ್ಯಕ್ಷರ ಕೋಣೆಗೆ ಹೋಗಿ ಇದನ್ನೂ ಹೇಳುತ್ತೇನೆ. ಆಮೇಲೆ ನಾನು ಯಾವ ಮೆಟ್ಟಿಲೆಂದು ಅವರು ನಿರ್ಧರಿಸಲಿ. ನಿನಗೆ ನಾನು ಎಂಥ ಅಮ್ಮ ಎಂಬುದನ್ನು ನೀನು ನಿರ್ಧರಿಸು.