ಬಚ್ಚಮ್ಮನ ಹೆಸರು ಬಿಟ್ಟುಹೋದ ಸಾಲು

ಗೋಡೆ ವರ್ಷ ನೂರಾ ಹದಿನೆಂಟು, ತಿಳಿತಿಂಗಳ ಎಂಬತ್ತೊಂದನೆಯ ದಿನ
ಗಂಗೊಳ್ಳಿ ಕಡಲಗೋಡೆ, ನಲವತ್ತನೆಯ ಕಂಬದ ಬಳಿ

ಮುಂದೆ ಈ ಗೋಡೆಯನ್ನು ಒಡೆದು ಕಟ್ಟುವವರಿಗೆ,

ಒಂದು ತಿಂಗಳಿಗೆ ಎಂಬತ್ತೊಂದು ದಿನ ಹೇಗೆ ಎಂದು ನೀವು ಕೇಳಬಹುದು. ಹನ್ನೆರಡು ತಿಂಗಳುಗಳ ಲೆಕ್ಕವನ್ನು ನಮ್ಮ ಅಜ್ಜಿಯರ ಕಾಲದಲ್ಲೇ ಬಿಟ್ಟೆವು. ಮಳೆತಿಂಗಳು, ತಿಳಿತಿಂಗಳು, ಉರಿತಿಂಗಳು ಎಂದು ಮೂರೇ ಉಳಿದಿವೆ. ಒಂದು ಮುಗಿಯಿತೆಂದು ಆಕಾಶ ತೋರಿಸಿದಾಗ ಇನ್ನೊಂದು ಶುರುವಾಗುತ್ತದೆ. ನೀವು ಈ ಸೀಸೆಯನ್ನು ತೆರೆಯುವ ಹೊತ್ತಿಗೆ ಈ ಹೆಸರುಗಳೂ ಹೋಗಿರಬಹುದು. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಅರ್ಥವಾಗದ ಪದಗಳನ್ನು ಬಿಟ್ಟು ಮುಂದೆ ಹೋಗಿ. ವಿಷಯ ದೊಡ್ಡದಲ್ಲ, ಒಬ್ಬ ಹೆಂಗಸಿನ ಹೆಸರಿಗೆ ಸಂಬಂಧಿಸಿದ್ದು.

ನಾನು ಕಿವಿಯಾಳು. ಕಡಲಗೋಡೆಯನ್ನು ಮರದ ಕೊಡತಿಯಿಂದ ತಟ್ಟಿ, ಒಳಗೆ ಗಟ್ಟಿಯಿದೆಯೋ ಪೊಳ್ಳಾಗಿದೆಯೋ ಎಂದು ಕೇಳಿ ಹೇಳುವುದು ನಮ್ಮ ಕೆಲಸ. ಹಿಂದೆ ಇದಕ್ಕೆ ಯಂತ್ರಗಳನ್ನು ಹೂಡಿದ್ದರಂತೆ. ಎರಡು ಮಳೆಗೆ ಉಪ್ಪು ಅವುಗಳನ್ನು ತಿಂದುಹಾಕಿತು. ಆದ್ದರಿಂದ ಇಳಿತದ ಹೊತ್ತಿಗೆ ನಾವು ಮೆಟ್ಟಿಲಿಳಿದು, ಪಾಚಿಯ ಮೇಲೆ ಕಾಲೂರಿ, ಮೊಳಕ್ಕೊಂದರಂತೆ ತಟ್ಟುತ್ತಾ ಹೋಗುತ್ತೇವೆ. ಪೊಳ್ಳು ಕೇಳಿದಲ್ಲಿ ಇದ್ದಿಲಿನ ಗೆರೆ ಎಳೆಯುತ್ತೇವೆ. ಹಿಂದಿನಿಂದ ಬರುವ ಗಾರೆಯವರು ಅಲ್ಲಿ ಅಗೆದು ಚಿಪ್ಪಿನ ಸುಣ್ಣ ತುಂಬುತ್ತಾರೆ. ಗೋಡೆಯ ಈಚೆ ಒಂಬತ್ತು ಕೇರಿಗಳು, ಕೇರಿಗೊಂದು ಸಿಹಿಕೊಳ. ಮಳೆಯ ನೀರನ್ನು ಹಿಡಿದಿಟ್ಟ ಆ ಕೊಳಗಳೇ ನಮಗೆ ವರ್ಷವಿಡೀ ಕುಡಿಯುವ ನೀರು. ಅರವತ್ತು ತುಂಬಿ ಕೊಡತಿ ಕೆಳಗಿಡುವ ಕಿವಿಯಾಳು ತನ್ನ ಕೊನೆಯ ತೇಪೆಯೊಳಗೆ ಸೀಸೆಯಲ್ಲಿ ಒಂದು ಪತ್ರವಿಡುವುದು ವಾಡಿಕೆ. ಏಡಿಗಳು ಎಲ್ಲಿ ಕೊರೆಯುತ್ತವೆ, ಸುಣ್ಣಕ್ಕೆ ಬೆಲ್ಲದ ನೀರು ಎಷ್ಟು ಎಂದೆಲ್ಲ ಬರೆಯುತ್ತಾರೆ. ನಾನೂ ಅದನ್ನೇ ಬರೆಯಬೇಕೆಂದಿದ್ದೆ.

ನಾನು ಈ ಕಡಲಿನವಳಲ್ಲ. ತುಂಗಭದ್ರೆಯ ಬಯಲಿನಲ್ಲಿ ಹಗಲು ಹೊರಗೆ ನಿಲ್ಲಲಾಗದಷ್ಟು ಬಿಸಿಯೇರಿದಾಗ ಅಲ್ಲಿಯ ಜನರನ್ನು ಘಟ್ಟದ ಕೆಳಗಿನ ಬಿಡಾರಗಳಿಗೆ ತಂದು ಇಳಿಸಿದರು. ಬಿಡಾರವೆಂದರೆ ತಗಡಿನ ಉದ್ದುದ್ದ ಕೊಟ್ಟಿಗೆಗಳು. ಅಲ್ಲಿ ಊಟ ಸಿಗುತ್ತಿತ್ತು, ಕೆಲಸ ಇರಲಿಲ್ಲ, ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಸಾಲಿನ ಅಂಕಿ ಕೂಗಿದರೆ ಎದ್ದು ಹೋಗುತ್ತಿದ್ದೆವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಗೋಡೆಕೆಲಸದ ಕಲಿಕೆಗೆ ಆರಿಸಿದರು. ವರ್ಷದೊಳಗೆ ಕಲಿಯದಿದ್ದರೆ ಮರಳಿ ಬಿಡಾರಕ್ಕೆ ಹೋಗಬೇಕು ಎಂಬುದೇ ಕಟ್ಟಳೆ.

ನನಗೆ ಕಲಿಸಲು ಬಂದವರು ಬಚ್ಚಮ್ಮ, ಇಲ್ಲಿಯವರೇ, ಮೊಗವೀರರ ಮನೆಯವರು. ಆಗ ಅವರಿಗೆ ಐವತ್ತೆರಡು. ಬಾಯಲ್ಲಿ ಸದಾ ಎಲೆಯಡಿಕೆ. ಮೊದಲ ದಿನ ನನ್ನ ಹೆಸರು ಕೇಳಿ, ಹುಲಿಗೆಮ್ಮ ಎಂದು ನಾನು ಮೆಲ್ಲಗೆ ಹೇಳಿದಾಗ, “ಹೆಸ್ರ್ ಕಂಡ್ರೆ ಹುಲಿ, ಸ್ವರ ಕಂಡ್ರೆ ಬೆಕ್ಕಿನ್ ಮರಿ” ಎಂದು ನಕ್ಕರು. ಬಿಡಾರದ ಎರಡು ವರ್ಷಗಳ ನಂತರ ನನ್ನನ್ನು ಹೆಸರಿನಿಂದ ಕರೆದವರು ಅವರೇ ಮೊದಲಿಗರು. ನಾನು ಗೋಡೆ ತಟ್ಟಿ “ಗಟ್ಟಿ ಐತ್ರಿ” ಎಂದರೆ, “ಗೋಡಿಗ್ ಎಂತಕೆ ರೀ ಹಾಕ್ತೆ ಮಾರಾಯ್ತಿ, ಅದ್ ನಿನ್ ಮಾವನಾ?” ಎನ್ನುತ್ತಿದ್ದರು. ಮಧ್ಯಾಹ್ನ ತಮ್ಮ ಗಂಜಿಯಲ್ಲಿ ಅರ್ಧ ನನಗೆ ಸುರಿಯುತ್ತಿದ್ದರು. ಬೇಡ ಎನ್ನಲು ಬಿಡುತ್ತಿರಲಿಲ್ಲ.

ನಮ್ಮಲ್ಲಿ ಮೊದಲ ಮಾತು ಕಲಿಯುವವರದು. ತಟ್ಟಿದ ಮೇಲೆ ಶಿಷ್ಯೆ ತಾನು ಕೇಳಿದ್ದನ್ನು ಹೇಳುವವರೆಗೆ ಗುರು ಬಾಯಿ ತೆರೆಯಬಾರದು. ಬಚ್ಚಮ್ಮ ಈ ನಿಯಮವನ್ನು ಮುರಿಯಲಿಲ್ಲ. ಆದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ತಟ್ಟಿದಲ್ಲೆಲ್ಲ ಒಂದೇ ಸದ್ದು, ಅದರ ಹಿಂದೆ ಕಡಲಿನ ಮೊರೆತ. ಮೂರನೆಯ ವಾರದಲ್ಲಿ ಒಂದು ಸಂಗತಿ ಗಮನಿಸಿದೆ. ಗೋಡೆ ಪೊಳ್ಳಾಗಿದ್ದಲ್ಲಿ ಬಚ್ಚಮ್ಮ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ಅಂದಿನಿಂದ ನಾನು ಗೋಡೆಯನ್ನು ಕೇಳುವುದು ಬಿಟ್ಟು ಅವರ ದವಡೆಯನ್ನು ನೋಡತೊಡಗಿದೆ. ದವಡೆ ಆಡುತ್ತಿದ್ದರೆ ಗಟ್ಟಿ, ನಿಂತರೆ ಪೊಳ್ಳು. ಹತ್ತು ತಪ್ಪುಗಳಲ್ಲಿ ಒಂಬತ್ತು ಕಡಿಮೆಯಾದವು. ಬಯಲುಸೀಮೆಯ ಹುಡುಗಿಗೆ ಇಂಥ ಕಿವಿಯೇ ಎಂದು ಬೇರೆ ಕಿವಿಯಾಳುಗಳು ಹೊಗಳಿದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅದನ್ನು ವಿನಯವೆಂದುಕೊಂಡರು. ವರ್ಷ ತುಂಬುವ ಮೊದಲೇ ನನ್ನ ಕೈಗೆ ಕೊಡತಿ ಬಂತು.

ಕೊಡತಿ ಬಂದ ಮೊದಲ ವರ್ಷವನ್ನು ನೆರಳಿನ ವರ್ಷ ಎನ್ನುತ್ತೇವೆ. ಶಿಷ್ಯೆ ಒಂಟಿಯಾಗಿ ಗೋಡೆಗಿಳಿಯುತ್ತಾಳೆ, ಆದರೆ ಅವಳ ಮಾತಿಗೆಲ್ಲ ಗುರುವಿನ ಹೆಸರೇ ಹೊಣೆ. ನಾನು ನಲವತ್ತನೆಯ ಕಂಬದಿಂದ ನಲವತ್ತೊಂದರವರೆಗೆ ತಟ್ಟಿ, ನೋಡಲು ಯಾರ ಮುಖವೂ ಇಲ್ಲದೆ, ಎಲ್ಲವೂ ಗಟ್ಟಿ ಎಂದು ಹೇಳಿ ಬಂದೆ. ಆ ಮಳೆಯಲ್ಲಿ ಅಲ್ಲಿಂದಲೇ ಕಡಲು ಒಳಗೆ ಜಿನುಗಿತು. ಮೂರನೆಯ ಕೇರಿಯ ಸಿಹಿಕೊಳ ಉಪ್ಪಾಯಿತು. ನಲವತ್ತಾರು ಮನೆಯವರು ಎರಡು ವರ್ಷ ದೋಣಿಯಲ್ಲಿ ಬಂದ ನೀರು ಕುಡಿದರು. ಯಾರೂ ಸಾಯಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ, ನಡೆದದ್ದನ್ನು ಪೂರ್ತಿ ಹೇಳಬೇಕೆಂದು ಹೇಳಿದೆ.

ಗೋಡೆಸಭೆ ಸೇರಿತು. ಅಲ್ಲಿ ಶಿಷ್ಯೆಗೆ ಕೇಳುವುದು ಒಂದೇ ಪ್ರಶ್ನೆ: ನೀನು ಏನು ಕೇಳಿದೆ? ನನಗೆ ಕೇಳಲು ಬರುವುದಿಲ್ಲ, ಇಷ್ಟು ದಿನ ಬಚ್ಚಮ್ಮನ ಮುಖ ನೋಡಿ ಹೇಳಿದೆ ಎಂದಿದ್ದರೆ ಅವರ ಮೇಲೆ ತಪ್ಪು ಬರುತ್ತಿರಲಿಲ್ಲ, ನಾನು ಬಿಡಾರಕ್ಕೆ ಹೋಗುತ್ತಿದ್ದೆ. ನಾನು ಹೇಳಿದ್ದು ಇದು: “ಬಚ್ಚಕ್ಕ ಕಲಿಸಿದಂಗ ಕೇಳೀನ್ರಿ. ಗಟ್ಟಿ ಅಂತ ಕೇಳಿಸ್ತು.” ಸಭೆ ಬಚ್ಚಮ್ಮನ ಕಡೆ ತಿರುಗಿತು. ಅವರು ನನ್ನನ್ನು ನೋಡಲಿಲ್ಲ. “ನೆರಳ್ ನಂದೇ ಅಲ್ದಾ, ಬರ್ಕಣಿ” ಎಂದಷ್ಟೇ ಹೇಳಿದರು. ತಪ್ಪು ಕಿವಿ ಕಲಿಸಿದವಳೆಂದು ಅವರನ್ನು ಗೋಡೆಯಿಂದ ತೆಗೆದು, ಚಿಪ್ಪು ಸುಟ್ಟು ಸುಣ್ಣ ಮಾಡುವ ಅಂಗಳಕ್ಕೆ ಹಾಕಿದರು. ಮೂವತ್ತು ವರ್ಷ ಗೋಡೆ ಕೇಳಿದವರು ಅಲ್ಲಿ ಚಿಪ್ಪು ಕುಟ್ಟಿದರು.

ಶಿಕ್ಷೆ ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವ ಮೊದಲು ನಾವು ಸಾಲು ಹೇಳುತ್ತೇವೆ. ಪ್ರತಿಯೊಬ್ಬರೂ ತನ್ನ ಹೆಸರು, ತನಗೆ ಕಲಿಸಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಹೀಗೆ ಗೋಡೆ ಕಟ್ಟಿದವರವರೆಗೆ. ತಾಯಿ ತಂದೆ ಯಾರು, ಯಾವ ಊರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಹೆಸರಿದ್ದವರು ನಮ್ಮವರು. ಬಚ್ಚಮ್ಮನನ್ನು ಸಾಲಿನಿಂದ ತೆಗೆದರು. ನನಗೆ ಗುರುವೆಂದು ದೂಮಣ್ಣ ಎಂಬ ಹಿರಿಯ ಕಿವಿಯಾಳಿನ ಹೆಸರು ಕೊಟ್ಟರು. ದೂಮಣ್ಣ ಒಳ್ಳೆಯವರು. ನನಗೆ ಒಂದು ದಿನವೂ ಕಲಿಸಿದವರಲ್ಲ.

ನಮ್ಮ ಲೆಕ್ಕದ ಒಂಬತ್ತು ತಿಂಗಳು, ಅಂದರೆ ಮೂರು ವರ್ಷ, ನಾನು ಸುಣ್ಣದ ಅಂಗಳದ ದಾರಿ ಬಿಟ್ಟು ಸುತ್ತು ಹಾಕಿ ಓಡಾಡಿದೆ. ಆ ದಿನಗಳಲ್ಲಿ ನನ್ನನ್ನು ಜೊತೆಯವರೊಂದಿಗೆ ಕಳಿಸುತ್ತಿದ್ದರು, ಅವರ ಮುಖ ನೋಡಿ ಬದುಕಿದೆ. ಮತ್ತೆ ಒಂಟಿಯಾಗಿ ಇಳಿಯಬೇಕೆಂದಾಗ ಹೆದರಿ ಅಂಗಳಕ್ಕೆ ಹೋದೆ. ಕ್ಷಮೆ ಕೇಳಲು ಹೋದದ್ದಲ್ಲ, ಕಲಿಯಲು ಹೋದದ್ದು. ಬಚ್ಚಮ್ಮ ಕೈಯ ಸುಣ್ಣ ಒರೆಸಿಕೊಂಡು ನನ್ನನ್ನು ನೋಡಿದರು. “ನೀ ನನ್ ಬಾಯಿ ಕಾಂತಿದ್ದದ್ದ್ ನಂಗ್ ಗೊತ್ತಿತ್ತ್ ಹೆಣೆ. ನಿಂಗ್ ಕಾಣ್ಲಿ ಅಂದೇ ನಾನ್ ಜಗಿಯುದ್ ನಿಲ್ಸ್ತಿದ್ದೆ. ಇಲ್ದಿದ್ರೆ ಬಿಡಾರಕ್ಕೆ ಕಳಿಸ್ತಿದ್ರ್ ನಿನ್ನ. ಎರಡ್ ಮಳೆ ಕಳ್ದ್ರೆ ಕಿವಿ ತನ್ನಿಂದ ತಾನೇ ತೆರೀತ್ ಅಂದ್ಕಂಡೆ. ನಂದೂ ತಪ್ಪೇ.” ಆಮೇಲೆ ಸುಣ್ಣದ ಗೂಡಿನ ಗೋಡೆ ತೋರಿಸಿ, “ಈಗ ನಾನ್ ಬೆನ್ನ್ ಹಾಯ್ಕಂಡ್ ಕೂಕಂತೆ. ತಟ್ಟ್” ಎಂದರು.

ರಜೆಯ ದಿನಗಳಲ್ಲಿ ಎರಡು ವರ್ಷ ಹಾಗೆ ಕಲಿಸಿದರು. ಕಿವಿಯಿಂದ ಮಾತ್ರವಲ್ಲ, ಕೊಡತಿ ಹಿಡಿದ ಮಣಿಕಟ್ಟಿನಿಂದ ಕೇಳಬೇಕು ಎಂದು ತಿಳಿದದ್ದು ಅಲ್ಲಿ. ಗಟ್ಟಿ ಗೋಡೆ ಕೊಡತಿಯನ್ನು ಒಡನೆ ಹಿಂದಕ್ಕೆ ಕೊಡುತ್ತದೆ. ಪೊಳ್ಳು ಗೋಡೆ ಒಂದು ಕ್ಷಣ ಇಟ್ಟುಕೊಳ್ಳುತ್ತದೆ. ಆ ಕ್ಷಣ ಮೊದಲ ಸಲ ನನ್ನ ಕೈಗೆ ಸಿಕ್ಕಾಗ ನಾನು ಕೂಗಿಬಿಟ್ಟೆ. ಬಚ್ಚಮ್ಮ ತಿರುಗದೆಯೇ, “ಈಗ ಹುಲಿ” ಎಂದರು. ಇವತ್ತು ನಾನು ಏನಾಗಿದ್ದೇನೋ ಅದೆಲ್ಲ ಅಲ್ಲಿಂದ ಬಂದದ್ದು. ಇಪ್ಪತ್ತಾರು ಜನರಿಗೆ ಕಲಿಸಿದೆ. ಅವರಲ್ಲಿ ಹದಿನೇಳು ಮಂದಿ ಬಿಡಾರದಿಂದ ಬಂದವರು, ಒಬ್ಬರೂ ಮರಳಿ ಹೋಗಲಿಲ್ಲ.

ಇನ್ನು ಬರೆಯಲು ಕೈ ಹಿಂಜರಿಯುವ ಭಾಗ. ಬಚ್ಚಮ್ಮ ನನ್ನಲ್ಲಿ ಒಂದೇ ಒಂದು ಸಲ ಏನನ್ನೋ ಕೇಳಿದರು. ಕಾಲು ಊದಿಕೊಂಡು ಅಂಗಳಕ್ಕೂ ಬರಲಾಗದ ದಿನಗಳವು. “ಒಂದ್ಸಲ ಬೆಳಿಗ್ಗೆ ಸಾಲಲ್ಲಿ ನಿಂತ್ಕಂಬುಕಾತ್ತಾ, ಸಭಿ ಹತ್ರ ಕೇಣ್ ಕಾಂಬ” ಎಂದರು. ಹೆಸರು ಸೇರಿಸಿ ಎಂದಲ್ಲ, ಬರಿದೇ ನಿಲ್ಲಲು. ನಾನು ಸಭೆಯನ್ನು ಕೇಳಲಿಲ್ಲ. ಕೇಳಿದರೆ ಯಾಕೆ ಎನ್ನುತ್ತಾರೆ, ಹಳೆಯದೆಲ್ಲ ಎದ್ದು ಬರುತ್ತದೆ. ನಾಲ್ಕು ದಿನ ಬಿಟ್ಟು ಹೋಗಿ, ಕೇಳಿದೆ, ಆಗುವುದಿಲ್ಲ ಎಂದರು ಎಂದು ಹೇಳಿದೆ. “ಹೌದಾ. ಅಡ್ಡಿಲ್ಲ” ಎಂದರು. ಗಂಜಿ ಉಣ್ಣುತ್ತೀಯಾ ಎಂದು ಕೇಳಿದರು. ಆ ಮಳೆ ಮುಗಿಯುವ ಮೊದಲು ತೀರಿಕೊಂಡರು. ಸುಡುವಲ್ಲಿ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಈ ವರ್ಷ ನನ್ನ ಕೊನೆಯ ಶಿಷ್ಯೆ ಜುಲೇಖಾ. ಪ್ರತಿದಿನವೂ ಅವಳು ನನ್ನ ಪಕ್ಕ ನಿಂತು, “ಜುಲೇಖಾ, ಅವಳಿಗೆ ಹುಲಿಗೆಮ್ಮ, ಹುಲಿಗೆಮ್ಮನಿಗೆ ದೂಮಣ್ಣ” ಎಂದು ಗಟ್ಟಿ ಸ್ವರದಲ್ಲಿ ಹೇಳುತ್ತಾಳೆ. ಹೋದ ವಾರ ಪಾಚಿ ಕೆರೆಯುತ್ತಾ ಕೇಳಿದಳು: “ಹುಲಿಗಕ್ಕ, ದೂಮಣ್ಣ ಹ್ಯಾಂಗ್ ಕಲ್ಸ್ತಿದ್ರ್? ಬೈತಿದ್ರಾ?” ಹಿಂದಿನ ಇಪ್ಪತ್ತೈದು ಮಂದಿಗೆ ಇದಕ್ಕೆ ಏನೇನೋ ಕಥೆ ಹೇಳಿದ್ದೆ. ಈ ಸಲ ಕಥೆ ಕಟ್ಟಲಿಲ್ಲ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ, ಗೋಡೆಯ ಪತ್ರದಲ್ಲಿ ಬರೆದಿಡುತ್ತೇನೆ ಎಂದೂ ಹೇಳಿದೆ. ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. “ಹುಟ್ದೇ ಇದ್ದವ್ರ್ ಹತ್ರ ತಪ್ಪ್ ಒಪ್ಕಂಬುಕೆ ಎಂತ ಕಷ್ಟ ಅಕ್ಕ? ಅವ್ರ್ ತಿರ್ಗಿ ಮಾತಾಡುದಿಲ್ಲ ಅಲ್ದಾ” ಎಂದಳು. ಅಂದಿನಿಂದ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿಲ್ಲ.

ಅವಳು ಹೇಳಿದ್ದು ಸರಿ. ನಿಮಗೆ ಬರೆಯುವುದು ಸಭೆಯ ಮುಂದೆ ನಿಲ್ಲುವುದಕ್ಕಿಂತ ಸುಲಭವೆಂದೇ ಬರೆಯಲು ಕುಳಿತಿದ್ದೆ. ನಾಳೆ ನನ್ನ ಕೊನೆಯ ಬೆಳಗು. ಸಾಲು ಹೇಳುವಾಗ ಬಚ್ಚಮ್ಮನ ಹೆಸರು ಹೇಳುತ್ತೇನೆ, ಈ ಪತ್ರವನ್ನು ಎಲ್ಲರ ಮುಂದೆ ಓದುತ್ತೇನೆ ಎಂದು ನಿರ್ಧರಿಸಿದ್ದೇನೆ. ಅರವತ್ತು ದಾಟಿದವಳನ್ನು ಯಾರೂ ಬಿಡಾರಕ್ಕೆ ಕಳಿಸುವುದಿಲ್ಲ. ಆದರೂ ಭಯವಾಗುತ್ತಿದೆ. ನನ್ನಿಂದ ಕಲಿತವರು ನನ್ನನ್ನು ನೋಡುವ ರೀತಿಯ ಭಯ ಅದು. ನಲವತ್ತು ವರ್ಷಗಳಲ್ಲಿ ಹೀಗೆ ನಿರ್ಧರಿಸಿ ಮಲಗಿದ್ದು ಇದೇ ಮೊದಲಲ್ಲ. ಆದ್ದರಿಂದ ನನ್ನ ಮಾತನ್ನು ನಂಬಬೇಡಿ. ಓದಿದರೂ ಓದದಿದ್ದರೂ ಸೀಸೆಯನ್ನಂತೂ ಗೋಡೆಯಲ್ಲಿಟ್ಟು ಮುಚ್ಚುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಇದನ್ನು ಓದಿದ ಮರುದಿನ ಬೆಳಿಗ್ಗೆ ನೀವು ನಿಮ್ಮ ಸಾಲು ಹೇಳುವಾಗ ಗಮನವಿಟ್ಟು ಕೇಳಿ. ಹುಲಿಗೆಮ್ಮನ ನಂತರ ಬಚ್ಚಮ್ಮ ಎಂದು ಬಂದರೆ ನಾನು ಬಾಯಿ ತೆರೆದೆ ಎಂದು ತಿಳಿಯಿರಿ. ದೂಮಣ್ಣ ಎಂದೇ ಬಂದರೆ, ಕೊನೆಯ ಮೆಟ್ಟಿಲಲ್ಲೂ ನನಗೆ ಧೈರ್ಯ ಬರಲಿಲ್ಲ. ಆಗ ನನ್ನ ಹೆಸರನ್ನು ತೆಗೆದುಬಿಡಿ. “ಜುಲೇಖಾ, ಅವಳಿಗೆ ಬಚ್ಚಮ್ಮ” ಎಂದು ನೇರವಾಗಿ ಹೇಳಿ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ.

ಹುಲಿಗೆಮ್ಮ
ಬಚ್ಚಮ್ಮನ ಬಳಿ ಕಲಿತವಳು